ಅತ್ತೆಗೆ ಬೈದ ಫೋನು

ಪಾಲಹಳ್ಳಿ ಕಡೆ ಒಂದು ನರ್ಸರಿಯಲ್ಲಿ ನನ್ನ ಕೆಲಸ. ನಾಟಿ ಮಿಶನ್ನಿಗೆ ಬೇಕಾದ ಭತ್ತದ ಸಸಿಯನ್ನು ಟ್ರೇಯಲ್ಲಿ ಬೆಳೆಸಿ ಕೊಡುತ್ತೇವೆ. ಇಷ್ಟು ಗುಂಟೆಗೆ ಎಷ್ಟು ಟ್ರೇ ಅಂತ ದಿನಾ ಹೇಳಿ ಸಾಕಾಗಿತ್ತು. ಸ್ಕೂಲು ಎಂಟನೇ ಕ್ಲಾಸಿಗೇ ಬಿಟ್ಟವನು ನಾನು. ವಿಡಿಯೋ ನೋಡಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತೆ. ಗುಂಟೆ ಹಾಕಿದರೆ ಟ್ರೇ ಹೇಳುವ ಪ್ರೋಗ್ರಾಮ್ ಒಂದನ್ನು ಹಳೇ ಫೋನಿನಲ್ಲಿ ಬರೆದೆ.

ನಂಬರ್ ಬದಲು ಅಕ್ಷರ ಹಾಕಿದರೆ ಎರರ್ ತೋರಿಸಿ ನಿಂತುಬಿಡುತ್ತಿತ್ತು. ಅದಕ್ಕೆ ಟ್ರೈ, ಎಕ್ಸೆಪ್ಟ್ ಹಾಕಿದೆ. ಟ್ರೈ ಅಂದರೆ ಮಾಡಿ ನೋಡು. ಎಡವಟ್ಟಾದರೆ ಎಕ್ಸೆಪ್ಟ್ ಕೆಳಗಿರುವುದನ್ನು ತೋರಿಸಿ ಮತ್ತೆ ಕೇಳು. ಅಲ್ಲಿ ಏನು ತೋರಿಸುವುದು? ಜೊತೆ ಹುಡುಗರನ್ನು ನಗಿಸಲು ಬರೆದೆ: "ಕಣ್ ಕಾಣಲ್ವೇನ್ಲಾ ಗೂಬೆ? ನಂಬರ್ ಹಾಕ್ಲಾ." ಅವರು ಬೇಕಂತಲೇ ತಪ್ಪು ಹಾಕಿ ಬೈಸಿಕೊಂಡರು.

ಒಂದು ಬೆಳಗ್ಗೆ ಸೋದರತ್ತೆ ಬಂದಳು. ಮಾವ ತೀರಿಕೊಂಡ ಮೇಲೆ ಬೇಸಾಯ ಅವಳದೇ. ಸಸಿ ಕೇಳಲು ಒಬ್ಬಳೇ ಬಂದದ್ದು ಅದೇ ಮೊದಲು. ಸುತ್ತ ಗಂಡಸರು ನಿಂತಿದ್ದರು. ನಾನು ಫೋನಿಗೆ ಕೈ ಹಾಕಿದರೆ ತಳ್ಳಿದಳು.

"ಬುಡ್ಲಾ, ನಾನೇ ಒತ್ತೀನಿ. ಮಗಳಿಗೆ ದಿನಾ ವಾಟ್ಸಾಪ್ ಕಳ್ಸಲ್ವಾ?"

"ಇಪ್ಪತ್ತು ಗುಂಟೆ" ಅಂತ ಅಕ್ಷರದಲ್ಲಿ ಬರೆದಳು. ಫೋನು ಬೈಯಿತು. ಅವಳು ಓದುವುದೇ ಒಂದೊಂದಕ್ಷರ ಕೂಡಿಸಿ, ಜೋರಾಗಿ. "ಕಣ್... ಕಾಣಲ್ವೇನ್ಲಾ... ಗೂಬೆ..."

"ನೋಡವ್ವಾ, ನಿನ್ ಯವ್ವಾರ ಅದುಕ್ಕೂ ಗೊತ್ತಾಗೋಯ್ತು!" ಅಂದ ಒಬ್ಬ. ಎಲ್ಲರೂ ನಕ್ಕರು.

ತಪ್ಪು ತನ್ನದೇ ಅಂದುಕೊಂಡು ಅತ್ತೆ "20 ಗುಂಟೆ" ಅಂತ ತಿದ್ದಿದಳು. ಮನುಷ್ಯರಿಗೆ ಅದು ಸಾಕು. ನನ್ನ ಪ್ರೋಗ್ರಾಮಿಗೆ ಬರೀ ಅಂಕಿ ಬೇಕು, ಪಕ್ಕದಲ್ಲಿ ಒಂದಕ್ಷರ ಇದ್ದರೂ ಆಗದು. ಮತ್ತೆ ಗೂಬೆ. ಈ ಸಲ ಅವಳು ಜೋರಾಗಿ ಓದಲಿಲ್ಲ.

"ಅತ್ತೆ, ಕೊಡಿಲ್ಲಿ."

ಕೊಟ್ಟಳು. ಮುಖ ಕೆಂಪಾಗಿತ್ತು. "ಇದ್ನ ಯಾರ್ಲಾ ಬರ್ದೋರು?"

"ಕಂಪ್ನಿಯೋರು" ಅಂದೆ. ಹುಡುಗರು ನನ್ನ ಮುಖ ನೋಡಿದರು. ನಾನೇ 20 ಒತ್ತಿ ಟ್ರೇ ಲೆಕ್ಕ ಹೇಳಿದೆ.

ಅವಳು ಹೋದ ತಕ್ಷಣ ಆ ಸಾಲು ಅಳಿಸಿ "ಬರೀ ಅಂಕಿ ಹಾಕಿ, ಉದಾಹರಣೆಗೆ 20" ಅಂತ ಬರೆದೆ. ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಮೊದಲೇ ಮಾಡಬಹುದಿತ್ತು.

ಮುಂದಿನ ಬೆಳೆಗೆ ಅತ್ತೆ ಬಂದಾಗ ಫೋನು ಅವಳ ಮುಂದೆ ಇಟ್ಟೆ. ಸೆರಗಿನೊಳಗೆ ಕೈ ಎಳೆದುಕೊಂಡಳು.

"ನೀನೇ ಒತ್ತು ಕಣಪ್ಪ. ನನ್ಗದು ಬರಕಿಲ್ಲ."

ಬರೆದದ್ದು ನಾನೇ ಅನ್ನಲು ಬಾಯಿ ತೆರೆದೆ. "ಎಷ್ಟು ಗುಂಟೆ ಅತ್ತೆ?" ಅಂತಷ್ಟೇ ಬಂತು.