ಮುದ್ದೆ ಇಟ್ಟು ಅಳೆದ ಟಯರು

ನವೆಂಬರ್ ಹದಿನೇಳು, ಭಾನುವಾರ, ಬೆಳಗ್ಗೆ ಹತ್ತು ಇಪ್ಪತ್ತು. ಬೆಳ್ಳೂರು ಕ್ರಾಸಿನ ಟಯರ್ ಅಂಗಡಿಯೊಂದರ ಮುಂದಿನ ಕಲ್ಲುಬೆಂಚಿನ ಮೇಲೆ ಕುಳಿತು ಇದನ್ನು ಶುರುಮಾಡಿದ್ದೇನೆ. ಅಕ್ಕನ ಕಾರು ಜಾಕಿನ ಮೇಲೆ ನಿಂತಿದೆ, ನಾಲ್ಕು ಚಕ್ರಗಳೂ ಕಳಚಿವೆ. ಮಡ್‌ಗಾರ್ಡಿನ ಒಳಗೆ ಕೆಸರು ತಡೆಯಲು ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದಲ್ಲ, ಅದರ ಸಂದಿಯಿಂದ ಅಂಗಡಿಯವರು ಏನನ್ನೋ ಕೆತ್ತಿ ತೆಗೆದು ನನ್ನ ಅಂಗೈಗೆ ಹಾಕಿದರು. ನೆಲ್ಲಿಕಾಯಿ ಗಾತ್ರ, ಕಂದು ಬಣ್ಣ, ಕಲ್ಲಿನ ಹಾಗೆ ಗಟ್ಟಿ.

"ತಾರೂ ಅಲ್ಲ, ಕಲ್ಲೂ ಅಲ್ಲ. ಏನ್ ಸಾರ್ ಇದು?"

"ಮುದ್ದೆ" ಎಂದೆ.

"ರಾಗಿ ಮುದ್ದೆನಾ?"

"ಹೂಂ."

ಅವರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ ಮುಂದೆ ಕೇಳದೆ ಕೆಲಸಕ್ಕೆ ಹೋದರು. ಭಾನುವಾರ ಅವರಿಗೆ ಪುರುಸೊತ್ತಿಲ್ಲ. ನಿಮಗಿದೆ ಎಂದುಕೊಂಡು ನಿಮಗೆ ಹೇಳುತ್ತೇನೆ.

ನನಗೆ ಎಲ್ಲವನ್ನೂ ಬರೆದಿಡುವ ಚಟ. ಗಂಜಾಮಿನ ನಮ್ಮ ಮನೆಯ ಹತ್ತಿರ ಹೊಳೆ ನೀರು ಯಾವತ್ತು ಯಾವ ಮೆಟ್ಟಿಲು ಮುಟ್ಟಿತು, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಯಾವ ಅಂಗಡಿಯ ಪೆನ್ನು ಬೇಗ ಮುಗಿಯಿತು, ಎಲ್ಲಕ್ಕೂ ನನ್ನಲ್ಲಿ ತಾರೀಖು ಉಂಟು. ಅಮ್ಮ ನನ್ನನ್ನು ಶಾನುಭೋಗ ಎಂದು ಕರೆಯುತ್ತಾಳೆ. ಹೊಗಳಿಕೆಯಲ್ಲ. ಇಷ್ಟಾದರೂ, ಅಕ್ಕನ ಕಾರು ನಾಲೆಯ ಪಕ್ಕ ಜಾರಿದ ದಿನ ನಾನು ಬರೆದದ್ದು "ಅಕ್ಕನ ಕಾರು ಜಾರಿತು, ಗಾಯವಿಲ್ಲ" ಎಂದಷ್ಟೇ. ಅದೇ ಪುಟದಲ್ಲಿ ಸಿಲಿಂಡರ್ ಬದಲಾಯಿಸಿದ್ದನ್ನು ಅದಕ್ಕಿಂತ ಉದ್ದವಾಗಿ ಬರೆದಿದ್ದೇನೆ.

ಅಕ್ಕ ಇರುವುದು ಕೆ.ಆರ್. ಪೇಟೆಯಲ್ಲಿ, ಕೆಲಸ ಪಾಂಡವಪುರದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಬೆಳಗ್ಗೆ ಏಳಕ್ಕೇ ಬಂದು ಬೆಂಚು ಹಿಡಿದಿರುತ್ತಾರೆ. ಅಷ್ಟು ಹೊತ್ತಿಗೆ ತಲುಪಲೆಂದೇ ಅವಳು ಯಾರೋ ಓಡಿಸಿದ್ದ ಒಂದು ಸಣ್ಣ ಕಾರು ಕೊಂಡಿದ್ದಳು. ಮೂರು ವರ್ಷಗಳ ಹಿಂದೆ, ಮಳೆ ಆಗಷ್ಟೇ ನಿಂತಿದ್ದ ಒಂದು ಬೆಳಗ್ಗೆ, ಪಾಂಡವಪುರ ಇನ್ನೇನು ಬಂತು ಅನ್ನುವಾಗ, ರಸ್ತೆ ನಾಲೆಯನ್ನು ಎಡಕ್ಕೆ ಬಿಟ್ಟು ಬಲಕ್ಕೆ ಹೊರಳುವ ಕಡೆ ಕಾರು ಹೊರಳಲಿಲ್ಲ. ನೆಟ್ಟಗೆ ಜಾರಿ ಏರಿಯ ಅಂಚಿನಲ್ಲಿ, ಮುಂದಿನ ಒಂದು ಚಕ್ರವನ್ನು ಗಾಳಿಗೆ ಬಿಟ್ಟುಕೊಂಡು ನಿಂತಿತು. ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಅಕ್ಕ ಹಿಂದಿನ ಸೀಟಿಗೆ ದಾಟಿ ಆ ಬಾಗಿಲಿನಿಂದ ಇಳಿದಳು.

ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಕಾರು ಗಂಜಾಮಿನ ನಮ್ಮ ಹಿತ್ತಲಿಗೆ ಬಂತು, ಅಕ್ಕ ಬಸ್ಸಿಗೆ ಹೋದಳು. ಅವಳ ಬಸ್ಸು ಪಾಂಡವಪುರ ಮುಟ್ಟುವ ಹೊತ್ತಿಗೆ ಬೆಂಚಿನ ಮೇಲಿನವರು ಹಸಿದು ಗೋಡೆಗೆ ಒರಗಿರುತ್ತಿದ್ದರು.

"ಕೆಲ್ಸನೇ ಬುಟ್ಬುಡ್ತೀನಿ ಕಣ್ಲಾ" ಎಂದಳು ಒಂದು ದಿನ. "ವಯಸ್ಸಾದೋರು ಅಸ್ಕೊಂಡು ಕುಂತಿರ್ತಾರೆ. ಡಾಕ್ಟ್ರು ಬೈದ್ರೆ ಒಂದ್ ತರ. ಬೈಯಾಕೂ ಇಲ್ಲ, ಗಡಿಯಾರ ನೋಡ್ತಾರೆ."

ಟ್ರ್ಯಾಕ್ ಡೇ ಎಂಬುದನ್ನು ನಾನು ಹುಡುಕಿ ತೆಗೆದದ್ದು ಆಗ. ಅದು ರೇಸಲ್ಲ. ರೇಸಿನ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದು, ನಮ್ಮಂಥವರು ನಮ್ಮದೇ ಕಾರು ಕೊಂಡುಹೋಗಿ, ಹೆಲ್ಮೆಟ್ ಹಾಕಿಕೊಂಡು ಸರದಿಯಲ್ಲಿ ಓಡಿಸುವುದು. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ತಮಿಳುನಾಡಿನ ಕಡೆಯ ಒಂದು ಟ್ರ್ಯಾಕಿನಲ್ಲಿ ಹೊಸಬರಿಗೆಂದು ಒಂದು ತಿರುವಿಗೆ ನೀರು ಬಿಟ್ಟು, ಪಕ್ಕದಲ್ಲಿ ಕಲಿಸುವವರನ್ನು ಕೂರಿಸಿ, ಜಾರುವ ಕಾರನ್ನು ಹಿಡಿಯುವುದು ಹೇಗೆಂದು ತೋರಿಸುತ್ತಿದ್ದರು.

"ಒಂದ್ಸಲ ಪುಗಸಟ್ಟೆ ಜಾರಿದ್ದು ಸಾಲ್ದು ಅಂತ, ಈಗ ದುಡ್ಡು ಕೊಟ್ಟು ಜಾರ್ಬೇಕಾ?" ಎಂದಳು ಅಕ್ಕ.

ಭಾವ ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ನಾಲೆ ಐತಾ?"

"ಇಲ್ಲ ಭಾವ, ಬಯಲು."

"ಅಂಗಾದ್ರೆ ಓಗ್ಬಾ ಅತ್ಲಾಗೆ."

ಅಕ್ಕ ಒಪ್ಪಿದಳು, ಒಂದು ಕರಾರಿನ ಮೇಲೆ. ಜಾರಿದ ಕಾರಿನಲ್ಲೇ ಹೋಗಬೇಕು. ಅಲ್ಲೂ ಕೈ ಬರದಿದ್ದರೆ ಕಾರು ಮಾರಿ, ರಾಜೀನಾಮೆ ಬರೆದುಕೊಟ್ಟು ಮನೆಯಲ್ಲಿರುವುದು. ಆಮೇಲೆ ಯಾರೂ ಆ ಮಾತು ಎತ್ತಕೂಡದು.

ಹೀಗೆ ಎಲ್ಲವೂ ಟಯರಿನ ಮೇಲೆ ಬಂದು ನಿಂತಿತು. ಜಾರಿದ ಟಯರನ್ನೇ ಹಾಕಿಕೊಂಡು ಹೋಗುವಂತಿರಲಿಲ್ಲ. ಮೇಲಿನ ಗೀರುಗಳು ಚೆನ್ನಾಗಿಯೇ ಉಳಿದಿದ್ದವು, ಆದರೆ ಉಗುರು ಒತ್ತಿದರೆ ಗುರುತು ಬೀಳದಷ್ಟು ರಬ್ಬರು ಹಳತಾಗಿತ್ತು. ಹೊಸದು ಬೇಕು ಎನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ. ಯಾವ ಅಳತೆಯದು ಎನ್ನುವುದಕ್ಕೆ ಎಲ್ಲರ ತಕರಾರೂ ಇತ್ತು.

ಅಳತೆ ಎಲ್ಲ ಟಯರಿನ ಪಕ್ಕೆಯಲ್ಲೂ ಬರೆದಿರುತ್ತದೆ. ನಮ್ಮದು 165/80 R14. ಮೊದಲನೆಯದು ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಗಲದಲ್ಲಿ ನೂರಕ್ಕೆ ಇಷ್ಟು ಎಂದು. ಕೊನೆಯದು ಒಳಗಿನ ರಿಮ್ಮು ಎಷ್ಟು ಇಂಚು ಎಂಬುದು. ಅಗಲ ಹೆಚ್ಚಿಸಿದರೆ ಎರಡನೆಯದನ್ನು ಇಳಿಸಬೇಕು. ಇಲ್ಲವಾದರೆ ಚಕ್ರವೇ ದೊಡ್ಡದಾಗಿ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಕಾರು ವೇಗ ಹಿಡಿಯುವುದೂ ನಿಧಾನ. ನಾನು ಡೈರಿಯ ಎರಡು ಪುಟ ಗೀಟು ಹಾಕಿ ಲೆಕ್ಕ ಮಾಡಿದೆ. 185/70 ಹಾಕಿದರೆ ಚಕ್ರದ ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟೇ, ಹಿಡಿತ ಒಂದಿಷ್ಟು ಹೆಚ್ಚು, ನಮ್ಮ ರಿಮ್ಮಿಗೂ ಒಪ್ಪುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ನಾಗಮಂಗಲದಿಂದ ಮಾವ ಬಂದರು.

ಮಾವ ಎಂದರೆ ಅಮ್ಮನ ತಮ್ಮ. ವ್ಯವಸಾಯ, ಎರಡು ಟ್ರಾಕ್ಟರು, ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯ. ತಮ್ಮ ಹಳೆಯ ದೊಡ್ಡ ಕಾರಿನ ಎರಡು ಚಕ್ರಗಳನ್ನು ರಿಮ್ಮಿನ ಸಮೇತ ಟ್ರಾಲಿಯಲ್ಲಿ ತಂದಿದ್ದರು. 195/70.

"ನೋಡ್ಲಾ, ದಪ್ಪ ಇದ್ದಷ್ಟೂ ಇಡ್ತ. ನನ್ ಟ್ರಾಕ್ಟರ್ ಯಾವತ್ತಾದ್ರೂ ಜಾರೈತಾ?"

"ಟ್ರಾಕ್ಟರ್ ಗದ್ದೇಲಿ ಓಡೋದು ಮಾವ. ತಾರ್ ರೋಡಲ್ಲಿ ನೀರಿದ್ರೆ, ಟಯರ್ ಆ ನೀರನ್ನ ಪಕ್ಕಕ್ಕೆ ತಳ್ಬೇಕು. ಅಗ್ಲ ಆದಷ್ಟೂ ತಳ್ಳೋದು ಜಾಸ್ತಿ. ತಳ್ಳಾಕಾಗ್ದೆ ಇದ್ರೆ ನೀರ್ ಮೇಲೇ ತೇಲ್ಬುಡ್ತದೆ."

"ಓದಿದ್ದು ಜಾಸ್ತಿ ಆಯ್ತು ನಿಂಗೆ. ಬೋಲ್ಟು ಕುಂತ್ಕತದಾ ನೋಡು ಮೊದ್ಲು."

ದುರದೃಷ್ಟಕ್ಕೆ ಬೋಲ್ಟು ಕುಂತಿತು. ಇನ್ನು ಉಳಿದ ಪ್ರಶ್ನೆ, ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಯರು ಮಡ್‌ಗಾರ್ಡಿನ ಒಳಗೆ ಎಲ್ಲಾದರೂ ಉಜ್ಜುತ್ತದೆಯೇ ಎಂಬುದು. ಉಜ್ಜುವ ಕಾರನ್ನು ಟ್ರ್ಯಾಕಿನೊಳಗೆ ಬಿಡುವುದಿಲ್ಲ. ಉಜ್ಜಿ ಉಜ್ಜಿ ಟಯರು ಹರಿದರೆ ಮತ್ತೆ ಜಾರಿದ ಹಾಗೆಯೇ. ಅದನ್ನು ತಿಳಿಯಲು ಒಳಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಓಡಿಸಿ, ಉಂಡೆ ಎಷ್ಟು ಒತ್ತಿಹೋಯಿತೆಂದು ನೋಡಬೇಕು. ನಾನು ಹೊಳೆದಂಡೆಯಿಂದ ಮಣ್ಣು ತಂದೆ. ಅದರಲ್ಲಿ ಮರಳೇ ಹೆಚ್ಚು. ಕಾರು ಅಲುಗುವ ಮೊದಲೇ ಉದುರಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಮುದ್ದೆಯಿತ್ತು.

"ಅಯ್ಯೋ! ಉಣ್ಣೋ ಅನ್ನನ ಚಕ್ರಕ್ಕೆ ಅಂಟುಸ್ತೀಯಾ?" ಎಂದು ಅಮ್ಮ ಹಿಂದೆಯೇ ಬಂದಳು.

"ನೆನ್ನೇದು ಕಣವ್ವ. ಎಮ್ಮೆಗೆ ಇಡೋದೇ ತಾನೆ."

"ಎಮ್ಮೆ ಉಣ್ತದೆ. ಕಾರು ಉಣ್ತದಾ?"

ನೆನ್ನೆಯದು ಆರಿ ಗಟ್ಟಿಯಾಗಿ ಅಂಟಲಿಲ್ಲ. ಅಕ್ಕ ಬಿಸಿನೀರು ಚಿಮುಕಿಸಿ ನಾದಿದಳು. ನಾದಿ, ಚಿವುಟಿ, ಒಂದೇ ಗಾತ್ರದ ಉಂಡೆಗಳನ್ನು ಮಾಡಿ ಮಡ್‌ಗಾರ್ಡಿನ ಒಳಗೆ ಸಾಲಾಗಿ ಒತ್ತಿದಳು. ಮನೆಗೋಡೆಯ ಹಾಗೆ ಹಿಡಿದುಕೊಂಡವು. ನಮ್ಮ ಕಡೆಯ ಮುದ್ದೆಯ ಈ ಗುಣವನ್ನು ಟಯರಿನ ಬಗ್ಗೆ ಬರೆದವರು ಯಾರೂ ದಾಖಲಿಸಿಲ್ಲ.

ಇನ್ನು ಭಾರ. ಮಾವ ಮುಂದೆ, ಅಮ್ಮ ಮತ್ತು ಭಾವ ಹಿಂದೆ. "ನಾವೇನು ಗೊಬ್ಬರದ ಮೂಟೆಗಳೇನ್ಲಾ?" ಎಂದರು ಮಾವ. "ನನ್ ತೂಕ ಏನಾದ್ರೂ ಬರ್ಕೊಂಡೆ, ನೋಡು ಮತ್ತೆ" ಎಂದಳು ಅಮ್ಮ. ಬರೆದುಕೊಂಡಿಲ್ಲ. ಹಿತ್ತಲಲ್ಲಿ ಒಂದು ಚಪ್ಪಡಿ ಕಲ್ಲು ನೆಲದಿಂದ ಎದ್ದುಕೊಂಡಿದೆ. ಮುಂದಿನ ಒಂದು ಚಕ್ರವನ್ನು ಅದರ ಮೇಲೆ ಹತ್ತಿಸಿ, ಸ್ಟೇರಿಂಗ್ ಕೊನೆಮುಟ್ಟ ತಿರುಗಿಸಬೇಕು. ಹತ್ತಿಸಬೇಕಾದವನು ನಾನು. ಹತ್ತಿಸಹೋದರೆ ಇಂಜಿನ್ ಆಫಾಯಿತು. ಮತ್ತೆ ಹೋದೆ, ಮತ್ತೆ ಆಫಾಯಿತು.

"ಕ್ಲಚ್ ಒಂದೇ ಸಲಕ್ಕೆ ಬುಡ್ಬೇಡ್ವೋ" ಎಂದು ಹೊರಗಿನಿಂದ ಅಕ್ಕ ಕೂಗಿದಳು.

ಈ ಸಲ ಕಾರು ಕುಪ್ಪಳಿಸಿ ನಿಂತಿತು. ಅಮ್ಮ ದೇವರ ಹೆಸರು ತೆಗೆದಳು. ಒಂದು ಉಂಡೆ ಕೆಳಗೆ ಬಿತ್ತು.

ಅಕ್ಕ ದಾಪುಗಾಲು ಹಾಕಿಕೊಂಡು ಬಂದು ಬಾಗಿಲು ತೆಗೆದಳು. "ಏಳ್ಲಾ ಮ್ಯಾಕೆ. ನಾದಿ ನಾದಿ ನನ್ ಕೈ ಬಿದ್ದೋಗದೆ, ಇವ್ನು ಎಲ್ಲಾ ಉದುರ್ಸ್ತಾವ್ನೆ."

ನಾನು ಎದ್ದೆ. ಅವಳು ಬಿದ್ದ ಉಂಡೆಯನ್ನು ಮತ್ತೆ ಅಂಟಿಸಿ, ಸೀಟು ಮುಂದಕ್ಕೆ ಎಳೆದುಕೊಂಡು ಕೂತಳು. ಕಾರು ಮೆಲ್ಲನೆ ಕಲ್ಲು ಹತ್ತಿತು. ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ, ಇಳಿಸಿ, ಹಿಂದಕ್ಕೆ, ಮತ್ತೆ ಹತ್ತಿಸಿ. ಹಿಂದಿನ ಗಾಜಿನಲ್ಲಿ ಭಾವನ ಮುಖ ಕಂಡಿತು. ಮಾತಾಡಬೇಡ ಎಂದು ಅವರು ನನಗೆ ಕಣ್ಣಿನಲ್ಲೇ ಹೇಳಿದರು.

ಅಕ್ಕ ಇಳಿದು, ಮಡ್‌ಗಾರ್ಡಿನೊಳಗೆ ಕೈ ಹಾಕಿ ಉಂಡೆ ತೆಗೆದಳು. ಅದು ಉಂಡೆಯಾಗಿರಲಿಲ್ಲ. ಹಪ್ಪಳದಷ್ಟು ತೆಳ್ಳಗಾಗಿ, ಮೇಲೆ ಟಯರಿನ ಗೀರುಗಳು ಅಚ್ಚು ಒತ್ತಿದ ಹಾಗೆ ಮೂಡಿದ್ದವು.

"ನೋಡು ಮಾವ, ನಿನ್ ಟಯರು ಮುದ್ದೆ ಉಂಡೈತೆ."

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎಡಗಡೆದೂ ನೋಡು, ಅದು ಉಂಡಿರಾಕಿಲ್ಲ" ಎಂದರು. ಅದೂ ಉಂಡಿತ್ತು.

ಆಮೇಲೆ ಅಕ್ಕ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದಳು. ತಾನು ಯಾವ ಸೀಟಿನಿಂದ ಇಳಿದೆ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ರಾಗಿ ಹೋಗಲು ಅಷ್ಟು ನೀರು ಬೇಡ.

ಹೊಸ 185/70 ತಂದು ಹಾಕಿದ ದಿನವೂ ಮುದ್ದೆ ಇಟ್ಟೆವು. ಆ ಸಲ ಓಡಿಸುವವರು ಯಾರು ಎಂದು ಯಾರೂ ಕೇಳಲಿಲ್ಲ. ಉಂಡೆಗಳು ಹೆಬ್ಬೆರಳಿನಷ್ಟು ದಪ್ಪಕ್ಕೆ ಉಳಿದವು. ತೆಗೆಯುವಾಗ ಎಲ್ಲವನ್ನೂ ತೆಗೆದೆ ಎಂದು ಡೈರಿಯಲ್ಲಿದೆ. ಈಗ ನನ್ನ ಅಂಗೈಯಲ್ಲಿರುವುದು ಬೇರೆ ಹೇಳುತ್ತಿದೆ.

ಟ್ರ್ಯಾಕಿನ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆದ್ದಾರಿಯಲ್ಲಿ ನಾನು ಓಡಿಸಿದೆ, ಅಕ್ಕ ಪಕ್ಕದಲ್ಲಿ ಕೂತಿದ್ದಳು. ನೀರು ಬಿಟ್ಟ ತಿರುವಿನಲ್ಲಿ ಮೊದಲ ಸಲ ಅವಳು ಬ್ರೇಕನ್ನು ಪೂರ್ತಿ ತುಳಿದುಬಿಟ್ಟಳು, ಕಾರು ಬುಗುರಿಯಂತೆ ತಿರುಗಿ ಬಂದ ದಾರಿಗೆ ಮುಖ ಮಾಡಿತು. ಎರಡನೆಯ ಸಲವೂ ಹಾಗೆಯೇ. ಇಳಿದುಬಂದು ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟಳು. ಮುಗಿಯಿತು ಎಂದುಕೊಂಡೆ. ನೀರು ಕುಡಿದು, ಹೆಲ್ಮೆಟ್ ವಾಪಸ್ ಕೇಳಿದಳು. ಆ ಸಲ ಹಿಂಭಾಗ ಜಾರಿತು, ಮುಂಭಾಗ ಹಿಡಿಯಿತು, ಕಾರು ಒಮ್ಮೆ ಸೊಂಟ ಅಲುಗಿಸಿ ನೆಟ್ಟಗಾಯಿತು. ಬರುವಾಗ ಓಡಿಸಿದವಳು ಅವಳು. ನಾನು ಶ್ರೀರಂಗಪಟ್ಟಣದವರೆಗೂ ನಿದ್ದೆ ಮಾಡಿದೆ ಎಂದು ಅವಳೇ ಎಲ್ಲರಿಗೂ ಹೇಳಿದಳು. ನಿದ್ದೆ ಮಾಡಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ.

ಹನ್ನೊಂದು ಮುಕ್ಕಾಲು. ಹಳೆಯ ಟಯರುಗಳನ್ನು ನನ್ನ ಮುಂದೆ ಒರಗಿಸಿದ್ದಾರೆ. ಎರಡು ವರ್ಷ ದಿನಾ ಓಡಿ ನಾಲ್ಕೂ ಸವೆದಿವೆ. ಈ ಟಯರುಗಳು ಯಾವತ್ತಾದರೂ ಸವೆದಾವು ಎಂದು ಆ ಹಿತ್ತಲಿನಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ. ಅಳತೆಪಟ್ಟಿ ಹಿಡಿದು ನೋಡಿದೆ. ಮೂರು ಒಂದೇ ಸಮ. ಮುಂದಿನ ಎಡಗಡೆಯದು ಮಾತ್ರ ಹೊರಗಿನ ಭುಜದಲ್ಲಿ, ಅಂದರೆ ಹೊರ ಅಂಚಿನಲ್ಲಿ, ಹೆಚ್ಚು ಸವೆದಿದೆ.

ಬಲಕ್ಕೆ ಹೊರಳುವ ತಿರುವಿನಲ್ಲಿ ಭಾರ ಬೀಳುವುದು ಮುಂದಿನ ಎಡ ಚಕ್ರದ ಮೇಲೆ. ನಾಲೆಯ ಆ ತಿರುವು ಬೆಳಗ್ಗೆ ಹೋಗುವಾಗ ಬಲಕ್ಕೆ. ಸಂಜೆ ಬರುವಾಗ ಅದೇ ಎಡಕ್ಕೆ, ಆದರೆ ಸಂಜೆ ಅವಳಿಗೆ ಅವಸರವಿಲ್ಲ, ಬೆಂಚಿನ ಮೇಲೆ ಯಾರೂ ಹಸಿದು ಕೂತಿರುವುದಿಲ್ಲ.

"ನಾಲೆ ತಿರುವಲ್ಲಿ ಎಷ್ಟು ಸ್ಪೀಡಲ್ಲಿ ಓಯ್ತೀಯಕ್ಕಾ?"

ಅಕ್ಕ ಎದುರಿನ ಹೋಟೆಲಿನ ಕಾಫಿ ಕುಡಿಯುತ್ತಿದ್ದಳು. "ಯಾಕೆ, ಬರ್ಕೊಳಾಕಾ? ಅಲೈನ್‌ಮೆಂಟ್ ಎಚ್ಚುಕಮ್ಮಿ ಆಗಿರ್ತದೆ, ಮಡ್ಗು ಅದ್ನ."

ಅಲೈನ್‌ಮೆಂಟ್ ಕೆಟ್ಟು ಚಕ್ರ ತುಸು ವಾರೆಯಾದರೂ ಭುಜ ಹೀಗೆ ಸವೆಯಬಹುದು, ನನಗೆ ಗೊತ್ತು. ಯಂತ್ರಕ್ಕೆ ಹಾಕಿ ನೋಡಿದ್ದೂ ಆಯಿತು. ತುಸು ಆಚೀಚೆ ಇದೆ, ಇಷ್ಟಕ್ಕೆ ಇಷ್ಟು ಸವೆಯುತ್ತದೋ ಇಲ್ಲವೋ ಹೇಳಲಾಗದು ಎಂದರು ಅಂಗಡಿಯವರು. ಹಾಗಾಗಿ ಕಾರಣ ಬರೆಯಬೇಕಾದ ಜಾಗವನ್ನು ಡೈರಿಯಲ್ಲಿ ಖಾಲಿ ಬಿಟ್ಟಿದ್ದೇನೆ. ದಿನಕ್ಕೊಂದು ಸಲ, ಒಂದೇ ತಿರುವನ್ನು, ಹೆದರದೆ ತೆಗೆದುಕೊಂಡರೆ ಎರಡು ವರ್ಷದಲ್ಲಿ ಟಯರಿನ ಒಂದು ಭುಜ ಸವೆಯುತ್ತದೆಯೇ? ಬಲ್ಲವರು ದಯವಿಟ್ಟು ನನಗೆ ಬರೆಯಿರಿ. ಅಲೈನ್‌ಮೆಂಟೇ ಎಂದು ಖಾತ್ರಿಯಿದ್ದರೂ ಬರೆಯಿರಿ. ಆದರೆ ಸ್ವಲ್ಪ ನಿಧಾನವಾಗಿ, ಹೊಸ ಟಯರು ಸವೆಯುವ ಹೊತ್ತಿಗೆ ಮುಟ್ಟಿದರೂ ಸಾಕು.