ಫೋನಿನವರ ಜಗಳ, ನಮ್ಮ ಭಜ್ಜಿ

ಏನ್ರೀ, ನಿಮ್ಮ ಕೈಯಾಗಿರೋ ಫೋನು ಕಳ್ಳನೋ ಸಾವಕಾರನೋ, ಎಂದಾರ ವಿಚಾರ ಮಾಡೀರೇನು? ಮಾಡಿಲ್ಲ, ನಂಗ ಗೊತ್ತದ. ಮನಿಗೆ ಸೊಸಿ ತರೂವಾಗ ಊರೂರು ತಿರುಗಿ ಕೇಳ್ತೀರಿ. ಎತ್ತು ತರೂವಾಗ ಬಾಯಿ ತೆಗಸಿ ಹಲ್ಲು ನೋಡ್ತೀರಿ. ಫೋನು ಮಾತ್ರ ಡಬ್ಬಿ ಒಡದವರೇ ನೆಟ್ಟಗ ಕಿವಿಗೆ ಹಚ್ಚಿಕೋತೀರಿ.

ನಾನೂ ಹಂಗೇ ಮಾಡಿದೆ. ನನ್ನ ಮೊಮ್ಮಗಳು ಶಿಲ್ಪಾ ಉದಗೀರದಾಗ ಕಾಲೇಜ ಕಲೀತಾಳ. ಹೊಸ ಫೋನು ಬಂದ ಕೂಡ್ಲೇ ಹಳೀದು ನನ್ನ ಉಡ್ಯಾಗ ಹಾಕಿ, "ಆಯಿ, ಇನ್ನ ನೀನೂ ಬರಿ" ಅಂದಳು. ಬರಿಯಾಕ ಹತ್ತೀನಿ. ಎಡಗೈಯಾಗ ಫೋನು, ಬಲಗೈ ತೋರಬೆರಳು, ಆ ಒಂದೇ ಬಟ್ಟಲೆ ಕೋಳಿ ಕಾಳು ಹೆಕ್ಕಿದಂಗ ಕುಟುಕ್ ಕುಟುಕ್. ಒಂದು ಸಾಲು ಬರಿಯೂದ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿ ಬೂದಿ ಪಾಲಾಗಿರ್ತದ. ಮ್ಯಾಲ ಈ ಫೋನಿಗೆ ಒಂದು ಕೆಟ್ಟ ಚಾಳಿ ಅದ. ನಾ ಒಂದು ಮಾತು ಬರದ್ರ ಮುಂದಿಂದು ತಾನೇ ತೋರಸ್ತದ. ನಾ ದಿನಾ ಬರಿಯೋದನ್ನ ನೋಡಿ ನೋಡಿ ಕಲ್ತಬಿಟ್ಟದಂತ. ಮೊನ್ನಿ ಮಠದ ಅಯ್ಯನವರಿಗೆ "ಶರಣು" ಅಂತ ಬರದೆ. ಮುಂದ "ಮೂದೇವಿ" ಅಂತ ಹಾಕಲೇನು ಅಂದ್ತು. ಗಾಬರ್ಯಾಗಿ ಫೋನು ಬೋರಲ ಹಾಕಿ ಕುಂತೆ.

ಈಗ ಜಗಳದ ಮಾತಿಗೆ ಬರ್ತೀನಿ. ಫೋನು ಅಂದ್ರ ಬರೇ ಮೈ ಅಂತ್ರಿ. ಒಳಗ ಆಪರೇಟಿಂಗ್ ಸಿಸ್ಟಮ್ ಅಂತ ಒಂದು ಇರ್ತದ. ಯಾರನ್ನ ಒಳಗ ಬಿಡಬೇಕು, ಯಾರನ್ನ ಹೊರಗ ನಿಂದರಸಬೇಕು, ಯಾವ ಕೆಲಸ ಮೊದಲ, ಯಾವುದು ಆಮ್ಯಾಲ, ಎಲ್ಲಾ ಕಾರಭಾರ ಅದರದೇ. ಶಿಲ್ಪಾ ಇಷ್ಟು ತಿಳಿಸಿ ಹೇಳಿದ ಮ್ಯಾಲ ನಾ ಅಂದೆ, "ಅತ್ತಿ ಅಂದಂಗಾತು." ಆಕಿ ಅವ್ವ, ನನ್ನ ಸೊಸಿ, ಒಳಗಿಂದ ಜೋರಾಗಿ ನಕ್ಕಳು. ಯಾಕ ನಕ್ಕಳೋ ನಾ ಕೇಳಲಿಲ್ಲ.

ಈ ಸಿಸ್ಟಮ್ ಮಾಡೋ ದೊಡ್ಡ ದೊಡ್ಡ ಕಂಪನಿಯವರು ಒಬ್ಬರ ಮ್ಯಾಲ ಒಬ್ಬರು "ನಂದು ನೋಡಿ ಮಾಡ್ಯಾನ, ನಂದು ನೋಡಿ ಮಾಡ್ಯಾನ" ಅಂತ ಹೊಯ್ಕೋತಾರಂತ. ದೂರ ಯಾಕ, ನಮ್ಮ ಕಟ್ಟಿ ಮ್ಯಾಲೇ ಆ ಜಗಳ ಅದ. ಬಾಜೂ ಮನಿ ಕಾಶೀಬಾಯಿ ಮಗ ದಿಲೀಪ ಉಮರ್ಗಾದಾಗ ಹೈವೇಕ್ಕ ಮಾರಿ ಮಾಡಿ ಫೋನ್ ರಿಪೇರಿ ಅಂಗಡಿ ಇಟ್ಟಾನ. ಅಂವಂದು ಒಂದು ಕಂಪನಿ ಭಕ್ತಿ, ಶಿಲ್ಪಾಂದು ಇನ್ನೊಂದು. ಐತವಾರ ಬಂತಂದ್ರ ಇಬ್ಬರೂ ಶುರು ಆಗ್ತಾರ.

"ಮ್ಯಾಲಿಂದ ಬಟ್ಟಲೆ ಎಳದ್ರ ಪರದಾ ಕೆಳಗ ಬರ್ತದಲ್ಲ, ಅದು ನಮ್ಮದು. ನಿಮ್ಮವರು ಕಾಪಿ ಹೊಡದಾರ" ಅಂತ ದಿಲೀಪ.

"ನಿಮ್ಮವರಿಗೆ ಬಟ್ಟಲೆ ಎಳೀಬೇಕು ಅನ್ನೋದು ಕಲಿಸಿದವರೇ ನಮ್ಮವರು" ಅಂತ ಈಕಿ.

ಇಬ್ಬರಿಗೂ ಆ ಕಂಪನಿಯವರು ಒಂದು ಕಪ್ ಚಹಾ ಕುಡಿಸಿಲ್ಲ. ಆದ್ರೂ "ನಮ್ಮವರು, ನಿಮ್ಮವರು" ಅಂತಾರ, ಮದಿವಿ ಮನ್ಯಾಗ ಬೀಗರು ಜಗಳ ತೆಗದಂಗ. ಫೋನಿನ ಮೂಲಿ ದುಂಡಗ ಇರೋದು ನಮ್ಮದೇ ವಿಚಾರ ಅಂತ ಯಾವನೋ ಕೋರ್ಟಿಗೂ ಹೋಗಿದ್ದನಂತ. ನನ್ನ ರೊಟ್ಟಿ ಹಲಗಿ ಮೂಲಿ ಸವದು ಸವದು ಯಾವಾಗೋ ದುಂಡಗಾಗ್ಯಾವ. ನಾ ಯಾವ ಕೋರ್ಟಿಗೆ ಹೋಗಲಿ, ಹೇಳ್ರಿ.

ಇನ್ನೊಂದು ಮಾತು ಶಿಲ್ಪಾನೇ ಹೇಳಿದಳು, ದಿಲೀಪ ಇಲ್ಲದಾಗ. ಕಂಪ್ಯೂಟರಿನ್ಯಾಗ ಸಣ್ಣ ಸಣ್ಣ ಚಿತ್ರಾ, ಒಂದರ ಮ್ಯಾಲೊಂದು ಕಿಡಕಿ, ಇವೆಲ್ಲ ಮೊದಲ ಮೂರನೇದೊಂದು ಕಂಪನಿಯವರ ಮನ್ಯಾಗ ಇದ್ದವಂತ. ಅಲ್ಲಿ ಹೋಗಿ ನೋಡಿ ಬಂದವರೇ ಆಮ್ಯಾಲ ಒಬ್ಬರಿಗೊಬ್ಬರು ಕಳ್ಳರು ಅಂತ ಬೈದಾಡ್ಯಾರಂತ. ಕೇಳಿ ನಂಗ ಭಾಳ ಸಮಾಧಾನ ಆತು. ಶಾಣ್ಯಾ ಮಂದೀನೂ ನಮ್ಮಂಗೇ ಅದಾರ.

ನಮ್ಮ ದೇವಣಿ ಕಡಿ ಆಕಳ ಕರಾ ಹಾಕ್ತದ್ರಿ. ಅಪ್ಪನಂಗೇ ಮಾರಿ, ಅಪ್ಪನಂಗೇ ಕಪ್ಪು ಮಚ್ಚಿ. ಆವಾಗ ಯಾರಾರ ಕಾಪಿ ಅಂತಾರೇನು? ಚೊಲೋ ತಳಿ ಅಂತಾರ, ಕುಂಕುಮ ಹಚ್ಚತಾರ. ಮನಷ್ಯಾರು ಮಾಡಿದ್ದಕ್ಕ ಮಾತ್ರ ಕಾಪಿ ಅನ್ನೋ ಹೆಸರು.

ಹಂಗ ನೋಡಿದ್ರ ನಮ್ಮ ಊರೇ ಒಂದು ಕಾಪಿ. ಭೂಕಂಪದಾಗ ಹಳೀ ಊರು ನೆಲಾ ಹಿಡದ ಮ್ಯಾಲ ಸರಕಾರದವರು ಹೊಸಾದು ಕಟ್ಟಿಕೊಟ್ಟರು. ಒಂದೇ ನಕಾಶಾ, ಒಂದೇ ಅಳತಿ, ಒಂದೇ ಬಣ್ಣ. ನಮ್ಮ ಮನ್ಯಾವರು ಹೊಲದಿಂದ ಬಂದವರು ಒಂದಿನ ಕಾಶೀಬಾಯಿ ಮನ್ಯಾಗ ಹೋಗಿ, ತಲಿ ಮ್ಯಾಲಿನ ಪಟಗಾ ತೆಗದು ಗೂಟಕ್ಕ ಹಾಕಿ, "ನೀರು ತಾ" ಅಂದಾರ. ಆಕಿ ನೀರು ಕೊಟ್ಟು, ಮಜ್ಜಿಗಿ ಕೊಟ್ಟು, ಆಮ್ಯಾಲ "ನಿಮ್ಮ ಮನಿ ಬಾಜೂಕದ ಅಣ್ಣಾ" ಅಂದಾಳ. ಇವರು ಮನಿಗೆ ಬಂದು ನನಗ ಹೇಳಿದ್ದೇನು? "ಅಲ್ಲಿ ಮಜ್ಜಿಗಿ ಭೇಷ್ ಇತ್ತು." ನಾ ಮರದಿನಾನೇ ಬಾಗಲಕ್ಕ ಗಿಳಿ ಹಸರು ಬಣ್ಣ ಹಚ್ಚಿಸಿದೆ, ಗುರುತು ಸಿಗಲಿ ಅಂತ. ಅದನ್ನ ನೋಡಿ ಕಾಶೀಬಾಯಿ ಹಸರು, ಆಕಿ ಬಾಜೂದಾಕಿ ಹಸರು, ಹಂಗೇ ಸಾಲೆಲ್ಲ ಹಸರು. ನಮ್ಮವರು ಮತ್ತ ಮಜ್ಜಿಗಿ ಕುಡಿಯಾಕ ಹತ್ತಿದರು.

ಆವಾಗ ನಾ ಜಗಳ ತೆಗೀಲಿಲ್ಲ. ಕಾಶೀಬಾಯಿ ಈಗ ತೆಗದಾಳ. ಅದೂ ಭಜ್ಜಿ ಸಲುವಾಗಿ.

ಭಜ್ಜಿ ಅಂದ್ರ ಎಣ್ಣ್ಯಾಗ ಕರಿಯೋದಲ್ರೀ. ನಮ್ಮ ಕಡಿ ಎಳ್ಳ ಅಮಾವಾಸ್ಯಾ, ಅಂದ್ರ ಎಳ್ಳಮಾಸಿ ದಿನ ಮಾಡ್ತಾರ, ಮರಾಠಿ ಮಂದಿ ಅದಕ್ಕ ಯೇಳವಸ ಅಂತಾರ. ಹಸಿ ತೊಗರಿ, ಹಸಿ ಕಡ್ಲಿ, ಅವರಿ, ವಟಾಣಿ, ಮೆಂತೆ ಪಲ್ಯಾ, ಉಳ್ಳಾಗಡ್ಡಿ ತಪ್ಪಲಾ, ಹೊಲದಾಗ ಏನೇನು ಹಸರದನೋ ಎಲ್ಲಾ ಒಂದೇ ಗಡಗ್ಯಾಗ ಕುದಸಿ, ಕಡ್ಲಿಹಿಟ್ಟು, ಹುಣಸಿ ಹುಳಿ ಬಿಡೋದು. ಸಜ್ಜಿ ರೊಟ್ಟಿ, ಅಂಬಲಿ ಜೋಡಿ ಹೊತ್ತುಕೊಂಡು ಮನಿ ಮಂದಿಯೆಲ್ಲ ಹೊಲಕ್ಕ ಹೋಗೋದು. ಜ್ವಾಳದ ದಂಟಿನ ಕಣಕಿ ಗುಡಸಲದಂಗ ನಿಂದರಿಸಿ ಕೊಪ್ಪಿ ಕಟ್ಟಿ, ಅದರೊಳಗ ಕಲ್ಲಿಗೆ ಸುಣ್ಣಾ ಹಚ್ಚಿ ಪಾಂಡವರನ್ನ ಮಾಡಿ ಕುಂದರಿಸಿ, ಮಾಡಿದ ಅಡಗಿ ಒಂದಿಷ್ಟು ಬೆಳಿಗೆಲ್ಲ ಚರಗ ಅಂತ ಚೆಲ್ಲಿ ಆಮ್ಯಾಲ ಊಟ. ಆವತ್ತ ಉಮರ್ಗಾ ಬಜಾರ, ನಿಲಂಗಾ ಬಜಾರ ಎಲ್ಲಾ ಖಾಲಿ. ಹೊಲದ ಮುಂದ ಹಾದು ಹೋಗೋ ಯಾರಿದ್ರೂ ಕರದು ಉಣ್ಣಿಸಬೇಕು. ಕರದವರಿಗೆ ಒಲ್ಲೆ ಅನ್ನಬಾರದು. ಹಂಗ ಅಂದ್ರ ಅದು ಹೊಲಕ್ಕೇ ಒಲ್ಲೆ ಅಂದಂಗ.

ಶಿಲ್ಪಾ ನನ್ನನ್ನ ನಮ್ಮ ಬೀಗರು ಬಿಜ್ಜರ ಗ್ರೂಪಿನ್ಯಾಗ ಸೇರಿಸಿದ್ದಳು. ಬಂದವರೆಲ್ಲ ಹೂವಿನ ಚಿತ್ರಾ ಹಾಕ್ತಾರ. ನಾ ಏನಾರ ಕೆಲಸದ್ದು ಹಾಕೂಣು ಅಂತ ಒಂದೇ ಬಟ್ಟಲೆ ಕುಟುಕಿ ಕುಟುಕಿ "ನನ್ನ ಎಳ್ಳಮಾಸಿ ಭಜ್ಜಿ" ಅಂತ ಹೆಸರಿಟ್ಟು ಮಾಡೋ ರೀತಿ ಬರದು ಹಾಕಿದೆ. ಭಾಲ್ಕಿಯಿಂದ, ಆಳಂದದಿಂದ "ವಾಹ್ ಆಯಿ" ಅಂದರು. ಶಿಲ್ಪಾ ಅದನ್ನ ಮರಾಠಿ ಮಾಡಿ ನಮ್ಮ ಊರ ಹೆಣ್ಣಮಕ್ಕಳ ಗ್ರೂಪಿಗೂ ಹಾಕಿದಳು. ಕಾಶೀಬಾಯಿ ಸೊಸಿ ಅದನ್ನ ಓದಿ ಅತ್ತಿಗೆ ಹೇಳ್ಯಾಳ. ಅತ್ತಿ ಹಿಟ್ಟಿನ ಕೈಲೇ ನಮ್ಮ ಬಾಗಲಿಗೆ ಬಂದಳು.

"ನೀಲೂಬಾಯಿ, ಅದು ನನ್ನ ಭಜ್ಜಿ. ನೀ ಕಾಪಿ ಹೊಡದಿ."

ಕಾಪಿ ಅನ್ನೋ ಶಬ್ದಾ ಆಕಿ ಕಲ್ತದ್ದೂ ನಮ್ಮ ಕಟ್ಟಿ ಮ್ಯಾಲೇ ನೋಡ್ರಿ.

ಇಲ್ಲಿ ಒಂದು ಗುಟ್ಟು ಹೇಳ್ತೀನಿ. ನನ್ನ ತಲ್ಯಾಗೂ ಎರಡು ಸಿಸ್ಟಮ್ ಅವ, ಆಕಿ ತಲ್ಯಾಗೂ ಎರಡವ. ನಾ ದೇವರ ಮುಂದ ಕನ್ನಡ, ಬಸ್ಸಿನ್ಯಾಗ ಮರಾಠಿ. ನಮ್ಮ ಮಾವನವರ ತಲ್ಯಾಗ ಇನ್ನೂ ಒಂದಿತ್ತು, ನಿಜಾಮರ ಕಾಲದ್ದು. ಸಿಟ್ಟಿಗೆ ಬಂದ್ರ ಉರ್ದುದಾಗ "ಖಾಮೋಷ್" ಅಂತಿದ್ದರು, ಎಮ್ಮಿ ಸೈತ ಸುಮ್ಮನಾಗ್ತಿತ್ತು. ಕಾಶೀಬಾಯಿ ಮರಾಠಿಯಾಕಿ. ಆದ್ರ ಬೈಯ್ಯೂವಾಗ ಕನ್ನಡದಾಗ ಬೈತಾಳ, ನಾ ಆಕಿಗೆ ಮರಾಠಿಯಾಗ ಬೈತೀನಿ. ತಿಳೀಲಿಲ್ಲ ಅಂತ ಯಾರೂ ತಪ್ಪಿಸಿಕೋಬಾರದಲ್ಲ. ಆವತ್ತ ಆಕಿ ಕನ್ನಡದಾಗ ಬೈದಳು ಅಂದ ಮ್ಯಾಲೇ ತಿಳಕೊಂಡೆ, ಇದು ಖರೇ ಸಿಟ್ಟು.

ಸಿಟ್ಟಿಗೆ ಕಾರಣ ಅದ. ಭೂಕಂಪ ಆಗಿ ಬಂದ ಮೊದಲನೇ ಎಳ್ಳಮಾಸಿ. ನಾವೆಲ್ಲ ತಗಡಿನ ಶೆಡ್ಡಿನ್ಯಾಗಿದ್ದಿವಿ, ಆಕೀದು ನಂದು ಬಾಜೂ ಬಾಜೂ. ದಿಲೀಪ ಉಡ್ಯಾಗಿನ ಕೂಸು. ಅಂವನ ಅಪ್ಪ ಗ್ವಾಡಿ ಕೆಳಗ ಸಿಕ್ಕು ತೀರಿಹೋಗಿದ್ದ. ಸೂತಕದ ಮನಿ, ಆ ವರ್ಷ ಕಾಶೀಬಾಯಿ ಹಬ್ಬದ ಅಡಗಿ ಮಾಡಂಗಿರಲಿಲ್ಲ, ಗಡಗಿ ಮುಟ್ಟಂಗಿರಲಿಲ್ಲ. ಆದ್ರ ಹೊಲಕ್ಕ ಚರಗ ಹಾಕಲೇಬೇಕು. ನಮ್ಮ ಮನಿಯಾಗ ನಮ್ಮ ಅತ್ತಿ ಮಾಡ್ತಿದ್ದರು, ನನಗ ಪೂರ್ತಿ ಬರ್ತಿರಲಿಲ್ಲ, ಅವರೂ ಹಾಸಿಗಿ ಹಿಡದಿದ್ದರು. ಹಂಗಾಗಿ ಕಾಶೀಬಾಯಿ ಒಲಿಯಿಂದ ದೂರ ಕುಂತು ಕೂಸಿಗೆ ಹಾಲು ಕುಡಸ್ಕೋತ, "ಈಗ ಹಿಟ್ಟು ಬಿಡು, ಈಗ ತಿರುವು" ಅಂತ ಹೇಳಿದಳು. ನಾ ಬಿಟ್ಟೆ, ನಾ ತಿರುವಿದೆ. ಉಳ್ಳಾಗಡ್ಡಿ ತಪ್ಪಲಾ, ಹುಣಸಿ ಹುಳಿ ನನ್ನ ವಿಚಾರ. ಗಂಡ ಹೋದ ಮ್ಯಾಲ ಆಕಿ ಹೊಟ್ಟಿತುಂಬ ಉಂಡಿದ್ದು ಆವತ್ತೇ. ಎರಡೂ ಹೊಲಕ್ಕ ಅದೇ ಗಡಗಿಯಿಂದ ಚರಗ ಚೆಲ್ಲಿದಿವಿ.

ಈಗ ಹೇಳ್ರಿ, ಅದು ಯಾರ ಭಜ್ಜಿ? ಬಾಯಿ ಆಕೀದು, ಕೈ ನಂದು. ಫೋನಿನವರಿಗೆ ಕೋರ್ಟಾದ್ರೂ ಅದ. ನಮಗ ಯಾರಿದ್ದಾರ?

ಅಂದಿಂದ ಇವತ್ತಿನ ತನ ಒಂದು ಪದ್ಧತಿ ನಡಕೊಂಡು ಬಂದದ. ನಮ್ಮ ಹೊಲಾ ಆಕಿ ಹೊಲಾ ನಡುವ ಬರೇ ಒಂದು ಬದು. ಎಳ್ಳಮಾಸಿ ದಿನ ಆಕಿ ಬದು ದಾಟಿ ಬಂದು ನಮ್ಮ ಭಜ್ಜಿ ಒಂದು ತುತ್ತು ಉಂಡ ಮ್ಯಾಲೇ ನಾ ಊಟಕ್ಕ ಕೈ ತೊಳಕೊಳ್ಳೋದು. ಈಗ ಆಕಿ ಮಾತು ಬಿಟ್ಟಾಳ. ಕಟ್ಟಿಗೆ ಬರೋದು ಬಿಟ್ಟಾಳ. ಎಳ್ಳಮಾಸಿ ಬಾಗಲಿಗೆ ಬಂದು ನಿಂತದ. ಬರದಿದ್ರ? ಊರಾಗ ಜಗಳ ಆಡಿ ಒಂದಾಗಬಹುದು. ಆ ಬದು ದಾಟೋದು ಒಮ್ಮಿ ತಪ್ಪಿತಂದ್ರ ನಮ್ಮ ವಯಸ್ಸಿನ್ಯಾಗ ಮತ್ತ ದಾಟ್ತೀವಿ ಅನ್ನೋ ಖಾತ್ರಿ ಇಲ್ಲ.

"ಆಯಿ, ಬರದದ್ದು ಅಳಸಿಬಿಡು" ಅಂದಳು ಶಿಲ್ಪಾ. ಅಳಸಾಕ ಹೋದೆ. ಎಲ್ಲಿ ಒತ್ತಿದೆನೋ, ಅಳೀಲಿಲ್ಲ, ಇನ್ನೂ ಎರಡು ಗ್ರೂಪಿಗೆ ಹೋಗಿ ಬಿತ್ತು. ಜಳಕೋಟದಾಗಿನ ಯಾರೋ ನನ್ನ ಗುರುತಿಲ್ಲದಾಕಿ ಸೈತ "ಛಾನ್ ಆಜೀ" ಅಂತ ಮರಾಠಿಯಾಗ ಹೊಗಳಿ ಬರದಳು. ಇದು ಕಾಶೀಬಾಯಿ ಕಿವಿಗೆ ಹೋಗದ ಇರ್ತದೇನು?

ಎಳ್ಳಮಾಸಿ ದಿನ ಬಂತು. ನಮ್ಮ ಕೊಪ್ಪಿ ಇಲ್ಲಿ, ಆಕಿ ಕೊಪ್ಪಿ ಅಲ್ಲಿ. ಪೂಜಿ ಆತು, ಚರಗ ಆತು. ಆಕಿ ನಮಗ ಬೆನ್ನ ಮಾಡಿ ಕುಂತಾಳ. ನಾ ಕೈ ತೊಳದಿಲ್ಲ ಅಂತ ನಮ್ಮ ಮಂದಿ ಯಾರೂ ಉಣವಲ್ಲರು. ದಿಲೀಪ ಬದುವಿನ ಮ್ಯಾಲ ನಿಂತು ಆ ಕಡಿ ಒಮ್ಮಿ ಈ ಕಡಿ ಒಮ್ಮಿ ನೋಡಿ, "ಮಾವಶೀ, ನೀವಿಬ್ಬರೂ ಆ ಕಂಪನಿಯವರಿಗಿಂತ ಅತ್ತತ್ತ ಹೋದ್ರಿ" ಅಂದ. ಶಿಲ್ಪಾ ಹೂಂ ಅಂದಳು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ನಾ ಅವತ್ತೇ ನೋಡಿದ್ದು.

ಹೊತ್ತು ನೆತ್ತಿ ಬಿಟ್ಟು ಇಳೀತು. ಕಡೀಕ ನಾನೇ ಉಣ್ಣಾಕ ಬಾ ಅಂತ ಮರಾಠಿಯಾಗ ಕೂಗಿದೆ, "ಕಾಶೇ, ಯೇ ಜೇವಾಯ್ಲಾ!"

ಆಕಿ ತಿರುಗದೇನೇ ಕನ್ನಡದಾಗ ಕೂಗಿದಳು, "ನನ್ನ ಭಜ್ಜಿ ಉಣ್ಣಾಕ ನಿನ್ನ ಹೊಲಕ್ಕ ಯಾಕ ಬರಲಿ?"

"ನಾ ಎಲ್ಲಿ ಕರದೀನಿ ಬೇ? ಹೊಲಾ ಕರ್ಯಾಕ ಹತ್ತದ. ಒಲ್ಲೆ ಅನ್ನೋದಿದ್ರ ಅದಕ್ಕ ಅನ್ನು."

ಇದನ್ನ ಕೇಳಿ ಆಕಿ ಎದ್ದಳು. ಮೊಣಕಾಲು ಹಿಡಕೊಂಡು ಬದು ದಾಟಿದಳು. ನನ್ನ ಮಾರಿ ನೋಡಲಿಲ್ಲ, ನೆಟ್ಟಗ ಬಂದು ಕುಂತು ರೊಟ್ಟಿ ಮುರದು ಭಜ್ಜಿ ಹಚ್ಚಿ ಬಾಯಾಗ ಇಟ್ಟಳು. ಅಗೀತಾಳ, ಅಗೀತಾಳ, ನುಂಗವಲ್ಲಳು.

"ಹ್ಯಾಂಗದ? ನಿನ್ನಂಗೇ ಆಗ್ಯಾದಲ್ಲ?" ಅಂದೆ.

"ಉಪ್ಪು ಎಲ್ಲದ?"

ಒಂದು ಬಟ್ಟು ಅದ್ದಿ ನೆಕ್ಕಿ ನೋಡಿದೆ. ಖರೇನೇ ಉಪ್ಪಿಲ್ಲ. ಮುಂಜಾನಿ ಗ್ರೂಪಿಗೆ ಹಾಕಾಕ ಒಂದು ಕೈಲೆ ಫೋಟೋ ತಕ್ಕೋತ ಇನ್ನೊಂದು ಕೈಲೆ ತಿರುವೂದ್ರಾಗ ಉಪ್ಪು ಹಾಕೋದು ಮರತದ್ದು ಈಗ ತಿಳೀತು. ಶಿಲ್ಪಾ ಸೆರಗು ಬಾಯಿಗಿಟ್ಟುಕೊಂಡು ಆ ಕಡಿ ತಿರುಗಿದಳು. ಕಾಶೀಬಾಯಿ ದಿಲೀಪನ ಕಡಿಂದ ತನ್ನ ಕೊಪ್ಪಿಯಾಗಿನ ಉಪ್ಪು ತರಿಸಿದಳು, ಗಡಗ್ಯಾಗ ಹಾಕಿದಳು, ಸೌಟು ನನ್ನ ಕೈಯಿಂದ ಕಸಗೊಂಡು ತಳದಿಂದ ತಿರುವಿದಳು, ಮತ್ತೊಂದು ತುತ್ತು ಉಂಡು, ಆಮ್ಯಾಲ ನನ್ನ ತಾಟಿಗೆ ನೀಡಿದಳು. ನಾ ಕೈ ತೊಳಕೊಂಡೆ. ಉಂಡೆ. ಭೇಷ್ ಆಗಿತ್ತು.

ಹೊಟ್ಟಿ ತುಂಬಿದ ಮ್ಯಾಲ ನನ್ನ ನಾಲಿಗಿ ಸುಮ್ಮನಿರಲಿಲ್ಲ. "ಈಗ ಹೇಳು ಕಾಶೇ, ಈ ಭಜ್ಜಿ ಯಾರದು?"

ಆಕಿ ಅಂಬಲಿ ಗುಟುಕರಿಸಿ, ಮೂತಿ ಒರಸ್ಕೊಂಡು ಅಂದಳು, "ಭಜ್ಜಿ ನಿಂದೇ ಇಟ್ಟಕೋ ಬಾಯಿ, ಅದಕ್ಕೇನು. ಆದ್ರ ನಿನ್ನ ಆ ಗ್ರೂಪಿನ್ಯಾಗ ಕೆಳಗ ಒಂದು ಸಾಲು ಬರಿ, ಉಪ್ಪು ಕಾಶೀಬಾಯಿದು ಅಂತ. ಆಮ್ಯಾಲ ಯಾರು ಕಾಪಿ ಹೊಡೀತಾರೋ ಹೊಡ್ಕೋಲಿ."