ಸಂಕಟ ಎಂಬ ಪದಕ್ಕೆ ನಾನು ಬರೆದ ಅರ್ಥ

ಪ್ರತಿ ವರ್ಷ ನಮ್ಮ ಕಾಲೇಜಿನ ಆಫೀಸಿನಿಂದ ಒಂದು ಫಾರಂ ಬರುತ್ತದೆ. ಇದುವರೆಗೆ ಎಷ್ಟು ಸಂಶೋಧನಾ ಲೇಖನ ಪ್ರಕಟಿಸಿದ್ದೀರಿ, ಯಾವ ಪತ್ರಿಕೆಯಲ್ಲಿ, ಅದನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಲ್ಲವನ್ನೂ ತುಂಬಿ ಕೊಡಬೇಕು. ಕೊನೆಗೆ, ಆ ಉಲ್ಲೇಖಗಳ ಲೆಕ್ಕದಿಂದ ಬರುವ ಎಚ್-ಇಂಡೆಕ್ಸ್ ಎಂಬ ಒಂದು ಅಂಕಿ. ಮೊದಲ ಸಲ ಮನೆಯಲ್ಲಿ ಅದರ ಮಾತು ತೆಗೆದಾಗ ನನ್ನ ಗಂಡ, "ಅದು ಜಾಸ್ತಿ ಇದ್ರೆ ಒಳ್ಳೇದೋ, ಕಡಿಮೆ ಇದ್ರೆ ಒಳ್ಳೇದೋ? ಖಾಲಿ ಹೊಟ್ಟೇಲಿ ನೋಡಿಸ್ಬೇಕೋ?" ಎಂದು ಕೇಳಿದ್ದರು. ಆಗ ನಕ್ಕಿದ್ದೆ. ಈಗ ಖಾಲಿ ಹೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ನಗು ಬರುವುದಿಲ್ಲ.

ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸುವವಳು. ಅಂದರೆ ಒಬ್ಬೊಬ್ಬ ರೋಗಿಯನ್ನು ನೋಡುವುದಕ್ಕಿಂತ ಬೀದಿ ಬೀದಿಯನ್ನು ನೋಡುವ ಡಾಕ್ಟರು. ನನ್ನ ಪಟ್ಟಿಯಲ್ಲಿರುವ ಲೇಖನಗಳಲ್ಲಿ ಹೆಚ್ಚಿನವನ್ನು ನಾನು, ನನ್ನ ಜೊತೆ ಬರೆದವರು, ಪತ್ರಿಕೆಯ ಸಂಪಾದಕರು ಬಿಟ್ಟರೆ ಯಾರೂ ಓದಿರಲಾರರು. ಒಂದು ಮಾತ್ರ ಬೇರೆ. ಅದು ಮೇಟಗಳ್ಳಿಯ ಗಾರ್ಮೆಂಟ್ಸ್ ಹೆಂಗಸರ ಮಾನಸಿಕ ಖಿನ್ನತೆಯ ಬಗ್ಗೆ ಬರೆದದ್ದು. ಅದನ್ನು ಎಲ್ಲೆಲ್ಲಿಯವರೋ ಓದಿದರು, ಉಲ್ಲೇಖಿಸಿದರು, ನಾನು ಮಾಡಿದ ಕನ್ನಡ ಪ್ರಶ್ನಾವಳಿಯನ್ನು ಕೇಳಿ ತರಿಸಿಕೊಂಡರು. ನನಗೆ ಪ್ರಮೋಷನ್ ಸಿಕ್ಕಿದ್ದು ಅದರಿಂದಲೇ.

ಆ ಪ್ರಶ್ನಾವಳಿಯ ಬಗ್ಗೆ ನನಗೆ ಬಹಳ ಜಂಬವಿತ್ತು. ಇಂಗ್ಲಿಷಿನ ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಬೇರೆ ಯಾರಿಗೂ ಕೊಡಲಿಲ್ಲ. ನಾನು ಅಗ್ರಹಾರದಲ್ಲಿ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಕನ್ನಡ ಪ್ರಬಂಧಕ್ಕೆ ಬಹುಮಾನ ಬಿಟ್ಟುಕೊಟ್ಟವಳಲ್ಲ. 'ನಿಮಗೆ ಆಗಾಗ ಸಂಕಟವಾಗುತ್ತದೆಯೇ?' ಎಂದು ಬರೆದೆ. ದುಃಖ ಎಂದರೆ ಸತ್ತ ಮನೆಯ ಮಾತಾಯಿತು, ಬೇಸರ ಎಂದರೆ ತೀರಾ ಹಗುರವಾಯಿತು, ಸಂಕಟವೇ ಸರಿ ಎನ್ನಿಸಿತು. ನಿಯಮದ ಪ್ರಕಾರ ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಎರಡೂ ಹೊಂದಿದರೆ ಅನುವಾದ ಪಾಸು. ಸಂಕಟ ಹೋದ ಹಾಗೇ ವಾಪಸು ಬಂತು. ತಿರುಗಿಸಿದವರೂ ನನ್ನ ಹಾಗೆ ಪುಸ್ತಕದ ಕನ್ನಡದವರು ಎಂದು ಯಾರಿಗೂ ಹೊಳೆಯಲಿಲ್ಲ.

ಮೇಟಗಳ್ಳಿಯಲ್ಲಿ ಶಿಫ್ಟ್ ಬಿಟ್ಟ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದೆ. ಬಹುತೇಕ ಎಲ್ಲರೂ ಸಂಕಟಕ್ಕೆ ಹೂಂ ಅಂದರು. ಅವರಲ್ಲಿ ಒಬ್ಬರು ಚೆನ್ನಾಗಿ ನೆನಪಿದ್ದಾರೆ. ಕಾಲರ್ ಹೊಲಿಯುವ ಕೆಲಸ, ನಲವತ್ತರ ಆಚೀಚೆ ವಯಸ್ಸು, ಕೆನ್ನೆ ಒಳಗೆ ಹೋಗಿತ್ತು. ನನ್ನ ಕೈ ಹಿಡಿದುಕೊಂಡು, "ಎದ್ದೇಟ್ಗೆ ಸಂಕಟ ಕಣವ್ವ. ಅನ್ನ ಕಂಡ್ರೆ ಆಗಾಕಿಲ್ಲ. ಯಾರ್ತಾವ ಯೋಳ್ಕೊಳ್ಳೋದು?" ಎಂದರು. ನನಗೆ ಮೈ ಜುಮ್ಮೆಂದಿತು. ಖಿನ್ನತೆ ಬೆಳಗಿನ ಹೊತ್ತು ಹೆಚ್ಚು, ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ ಎಂದು ಪಠ್ಯಪುಸ್ತಕದಲ್ಲಿ ಇರುವುದೇ ಹಾಗೆ. ಆ ಮಾತನ್ನು ಇಂಗ್ಲಿಷಿಗೆ ಹಾಕಿ, ಎದ್ದ ಕೂಡಲೇ ಕವಿಯುವ ದುಃಖ ಎಂಬ ಅರ್ಥ ಬರುವಂತೆ ಮಾಡಿ, ಲೇಖನದ ಮೊದಲಲ್ಲೇ ಇಟ್ಟೆ. ಮನಸ್ಸಿನ ಡಾಕ್ಟರಿಗೆ ಒಂದು ಚೀಟಿಯನ್ನೂ ಬರೆದುಕೊಟ್ಟೆ. ಆಕೆಗೆ ಉಪಕಾರ ಮಾಡಿದೆ ಎಂದುಕೊಂಡು ಮನೆಗೆ ಬಂದೆ.

ಅದಾಗಿ ಕೆಲವು ವರ್ಷಗಳ ಮೇಲೆ, ಹಿನಕಲ್ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಕೂತಿದ್ದೆ. ಮೂರು ತಿಂಗಳ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಏನಮ್ಮ ತೊಂದರೆ ಅಂದರೆ, "ಸಂಕಟ ಡಾಕ್ಟ್ರೇ, ಬೆಳಿಗ್ಗೆ ಹೊತ್ತಂತೂ ತಡ್ಯಕಾಗಲ್ಲ" ಎಂದು ಅತ್ತೆಯ ಮುಖ ನೋಡಿ ನಾಚಿಕೊಂಡು ನಕ್ಕಳು. ಅತ್ತೆಯೂ ನಕ್ಕರು. ಪಕ್ಕದಲ್ಲಿದ್ದ ಸಿಸ್ಟರ್, ನಿವೃತ್ತಿಗೆ ಹತ್ತಿರವಾದವರು, ಕಾರ್ಡಿನಲ್ಲಿ ವಾಕರಿಕೆ ಎಂದು ಬರೆದರು.

"ವಾಕರಿಕೆ ಅಂತ ಅವಳು ಹೇಳ್ಲಿಲ್ವಲ್ಲ ಸಿಸ್ಟರ್?" ಎಂದೆ.

"ಸಂಕಟ ಅಂದ್ಲಲ್ಲ ಮೇಡಂ. ಹೊಟ್ಟೆ ತೊಳ್ಸೋದು, ವಾಂತಿ ಬಂದಂಗಾಗೋದು. ಇನ್ನೇನು?"

ಇನ್ನೇನು! ನನಗೂ ಗೊತ್ತಿರಲಿಲ್ಲವೆಂದಲ್ಲ. ಹೊಟ್ಟೆ ಸಂಕಟ ಎಂದು ಯಾರಾದರೂ ಪೂರ್ತಿಯಾಗಿ ಹೇಳಿದ್ದರೆ ಅರ್ಥವಾಗುತ್ತಿತ್ತು. ಹೊಟ್ಟೆ ಎನ್ನದೆ ಬರೀ ಸಂಕಟ ಎಂದರೆ ಅದು ಮನಸ್ಸಿನದೇ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಮುಂದೆ ಬಂದ ನಾಲ್ಕಾರು ರೋಗಿಗಳನ್ನು ಏನು ಕೇಳಿದೆನೋ ಅವರಿಗೆ ಏನು ಬರೆದೆನೋ ನೆನಪಿಲ್ಲ. ಮಧ್ಯಾಹ್ನ ಕಾಲೇಜಿಗೆ ಹೋಗಿ ಕಬ್ಬಿಣದ ಬೀರುವಿನಿಂದ ಹಳೆಯ ಪ್ರಶ್ನಾವಳಿಗಳ ಕಟ್ಟು ಇಳಿಸಿದೆ. ತಿಂಡಿ ತಿನ್ನದೆ ಬಸ್ಸು ಹಿಡಿಯುವ ಹೆಂಗಸರು, ಮಧ್ಯಾಹ್ನದವರೆಗೆ ಬರೀ ಟೀ ಕುಡಿದು ಮಿಷನ್ ತುಳಿಯುವವರು. 'ಹಸಿದಾಗ ಸಂಕಟ' ಎಂದು ಒಂದು ಕಡೆ ನಾನೇ ಬರೆದುಕೊಂಡಿದ್ದೆ. ನನ್ನದೇ ಅಕ್ಷರ, ದುಂಡಗೆ, ಬಹುಮಾನದ ಪ್ರಬಂಧ ಬರೆದ ಅಕ್ಷರ. ಅವರು ಹೊಟ್ಟೆಯ ಮಾತಾಡಿದ್ದರು, ನಾನು ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು ಹೆಸರು ಮಾಡಿಕೊಂಡಿದ್ದೆ.

ಕಾಲರ್ ಹೊಲಿಯುತ್ತಿದ್ದ ಆ ಹೆಂಗಸಿನ ವಿಳಾಸ ಅದೇ ಕಟ್ಟಿನಲ್ಲಿತ್ತು. ಹೋಗಲು ಧೈರ್ಯ ಬರಲಿಲ್ಲ. ಮೊದಲು ಲೇಖನವನ್ನು ಸರಿಮಾಡಿ, ಆಮೇಲೆ ಹೋಗಿ ಮುಖ ತೋರಿಸೋಣ ಎಂದುಕೊಂಡೆ. ಪತ್ರಿಕೆಗೆ ಕಾಗದ ಬರೆದೆ: ಒಂದು ಪದ ತಪ್ಪಾಗಿದೆ, ಅದರಿಂದ ಎಲ್ಲ ತಪ್ಪಾಗಿದೆ, ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬರೆದ ನಾಲ್ವರೂ ಸಹಿ ಹಾಕಿದರೆ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಆ ನಾಲ್ವರಲ್ಲಿ ಒಬ್ಬರು ನಮ್ಮ ವಿಭಾಗದ ಮುಖ್ಯಸ್ಥರು. ಅವರು ಕೂರಿಸಿ ಕಾಫಿ ತರಿಸಿದರು.

"ಒಂದು ಪದ ತಾನೇ ಮೇಡಂ? ಸಂಕಟ ಅಂದ್ರೆ ಎರಡೂ ಆಗುತ್ತೆ, ನಿಘಂಟು ನೋಡಿ. ಸುಮ್ನಿದ್ಬುಡಿ. ಇದರ ಮೇಲೆ ಇನ್ನಿಬ್ಬರ ಪ್ರಮೋಷನ್ ನಿಂತಿದೆ."

"ಸರ್, ಅವರ ಹೊಟ್ಟೆ ನೋಡ್ಬೇಕಾಗಿತ್ತು ನಾವು."

"ಈಗ ನೋಡಕ್ಕಾಗುತ್ತಾ?" ಎಂದರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೇ ಕೇಳಿದರು. ಸಹಿ ಹಾಕಲಿಲ್ಲ. ಉಳಿದಿಬ್ಬರು ನನ್ನ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅತ್ತ ನನ್ನ ಮೇಲ್‌ಗೆ, ನಿಮ್ಮ ಲೇಖನವನ್ನು ಇಂಥವರು ಉಲ್ಲೇಖಿಸಿದ್ದಾರೆ, ಅಭಿನಂದನೆ ಎಂದು ಬರುತ್ತಲೇ ಇತ್ತು. ಮೊದಲು ಅಂಥದ್ದು ಬಂದರೆ ಗಂಡನಿಗೆ ಓದಿ ಹೇಳುತ್ತಿದ್ದೆ. ಈಗ ತೆರೆಯದೆ ಅಳಿಸುತ್ತೇನೆ, ನಾಳೆ ಇನ್ನೊಂದು ಬರುತ್ತದೆ.

ಕೊನೆಗೆ ಈ ವರ್ಷ ಮೇಟಗಳ್ಳಿಗೆ ಹೋದೆ. ಬಾಗಿಲು ತೆರೆದದ್ದು ಮಗಳು, ಅವಳೂ ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ. ಗೋಡೆಯ ಮೇಲೆ ತಾಯಿಯ ಫೋಟೊ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ನಾನು ಯಾರೆಂದು ಹೇಳಿದ ಕೂಡಲೇ ಕುರ್ಚಿ ಒರೆಸಿದಳು. ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಗೊತ್ತಾಗುವ ಹೊತ್ತಿಗೆ ಎಲ್ಲ ಕಡೆ ಹರಡಿತ್ತು, ಆಸ್ಪತ್ರೆಯವರು ಯಾಕೆ ಮೊದಲೇ ತೋರಿಸಲಿಲ್ಲ ಎಂದು ಬೈದರು ಎಂದಳು. ಮೊದಲೇ ತೋರಿಸಿದ್ದರು. ನನಗೇ ತೋರಿಸಿದ್ದರು.

"ನೀವು ಚೀಟಿ ಕೊಟ್ಟಿದ್ರಲ್ಲ, ಆ ಮಾತ್ರೆ ಒಂದೊರ್ಸ ತಗೊಂತು. ನಿದ್ದೆ ಚೆನ್ನಾಗ್ ಬತ್ತಿತ್ತು. ನನ್ ಮಾತ ಕೇಳ್ಸ್ಕಂಡು ಬರ್ಕೊಂಡೋರು ಆವಮ್ಮ ಒಬ್ರೇ ಅನ್ನೋದು ನಮ್ಮವ್ವ. ಅವ್ವನ ಮಾತು ಇಂಗ್ಲಿಷ್ ಪುಸ್ತಕ್ದಲ್ಲಿ ಬತ್ತದೆ ಅಂದಿದ್ರಂತೆ ನೀವು, ಬಂತಾ ಡಾಕ್ಟ್ರೇ? ಏನಂತ ಬಂದದೆ, ಓದಿ."

ಓದಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮಮ್ಮ ಸಂಕಟ ಅಂದದ್ದನ್ನು ನಾನು ಮನಸ್ಸಿನ ದುಃಖ ಎಂದು ಬರೆದೆ, ಹೊಟ್ಟೆ ಮುಟ್ಟಿಯೂ ನೋಡಲಿಲ್ಲ, ತಪ್ಪು ನನ್ನದು ಎಂದೆ. ಕೂಗಾಡಲಿ, ಆಚೆ ಕಳಿಸಲಿ ಎಂದು ಕಾದೆ.

"ಅಂಗಾದ್ರೆ ಅದ ಅಳ್ಸ್ಬುಡಿ" ಎಂದಳು.

ಆಗುವುದಿಲ್ಲಮ್ಮ, ನಾಲ್ಕು ಜನ ಒಪ್ಪಬೇಕು, ಒಪ್ಪುತ್ತಿಲ್ಲ ಎಂದೆ. ನನ್ನ ಕಿವಿಗೇ ಅದು ನಾಚಿಕೆಗೇಡಿನ ಮಾತಾಗಿ ಕೇಳಿಸಿತು. ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ನಿಮ್ಗೆ ಕನ್ನಡ ಬತ್ತಿರ್ಲಿಲ್ವಾ ಡಾಕ್ಟ್ರೇ?"

ಬರುತ್ತದೆ ಎಂದುಕೊಂಡಿದ್ದೆ ಎಂದೆ.

ಅದೇ ವಾರ ಆಫೀಸಿನ ಫಾರಂ ಬಂತು. ಲೇಖನವನ್ನು ಎಲ್ಲ ಕಡೆಯಿಂದ ತೆಗೆಯುವುದು ನನ್ನ ಕೈಯಲ್ಲಿಲ್ಲ, ನನ್ನ ಪಟ್ಟಿಯಿಂದಲಾದರೂ ತೆಗೆಯುತ್ತೇನೆ ಎಂದು ಆ ಒಂದು ಸಾಲು ಬಿಟ್ಟು ಉಳಿದದ್ದನ್ನು ತುಂಬಿ ಕಳಿಸಿದೆ. ಎರಡು ದಿನಕ್ಕೆ ಆಫೀಸಿನ ಗುಮಾಸ್ತರ ಫೋನ್ ಬಂತು. ಪಾಪ, ಬಹಳ ನಿಯತ್ತಿನ ಮನುಷ್ಯ, ಒಬ್ಬರ ಕಾಗದವೂ ಅರ್ಧಂಬರ್ಧ ಹೋಗಲು ಬಿಡುವವರಲ್ಲ.

"ಮೇಡಂ, ನಿಮ್ಮ ಮುಖ್ಯವಾದ ಪೇಪರ್ರೇ ಬಿಟ್ಟೋಗಿತ್ತು ಕಣ್ರೀ. ಹೋದ ವರ್ಷದ್ದು ನೋಡಿ ನಾನೇ ಸೇರಿಸಿ ಕಳಿಸ್ಬುಟ್ಟೆ" ಎಂದರು.

ಥ್ಯಾಂಕ್ಸ್ ಎಂದೆ.